ಮೈಸೂರಿನಲ್ಲಿ ಕೂತು ಮಳವಳ್ಳಿಯ ಸರ್ವರ್ ಬದಲಿಸುವುದು

ಮೂರು ವರ್ಷದ ಹಿಂದೆ ಮದ್ದೂರಿನಿಂದ ನನಗೊಂದು ಫೋಟೊ ಬಂತು. ಟೆಸ್ಟ್‌ನ ಅಂಕಪಟ್ಟಿ. ಅಂಕಗಳೆಲ್ಲ ಸರಿ ಇದ್ದವು. ಮಕ್ಕಳ ಹೆಸರಿನ ಜಾಗದಲ್ಲಿ ಮಾತ್ರ ಸಾಲು ಸಾಲು ಖಾಲಿ ಚೌಕಗಳು. ಕನ್ನಡ ಫಾಂಟ್ ಇಲ್ಲದ ಮಷಿನ್‌ನಲ್ಲಿ ಪಿಡಿಎಫ್ ಮಾಡಿದರೆ ಹೀಗೇ ಆಗುತ್ತದೆ. ಆದರೆ ಫಾಂಟ್ ನಾನೇ ಹಾಕಿದ್ದೆನಲ್ಲ! ಮಂಡ್ಯದಲ್ಲಿ ಹಾಕಿದ್ದೆ, ಪಾಂಡವಪುರದಲ್ಲಿ ಹಾಕಿದ್ದೆ, ಮದ್ದೂರಿನ ಎರಡು ಮಷಿನ್‌ಗಳಲ್ಲಿ ಒಂದಕ್ಕೂ ಹಾಕಿದ್ದೆ. ಇನ್ನೊಂದನ್ನು ಬಿಟ್ಟಿದ್ದೆ. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ. ಬಹುಶಃ ಯಾರೋ ಕಾಫಿಗೆ ಕರೆದಿರಬೇಕು.

ಗೆಳೆಯರು ಕೆಲವರು ಸೇರಿ ನಡೆಸುವ ಟ್ಯೂಷನ್ ಸೆಂಟರ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ. ಒಟ್ಟು 12 ಪುಟ್ಟ ಸರ್ವರ್‌ಗಳು. ಮೈಸೂರಿನಲ್ಲಿ 4, ಮಂಡ್ಯದಲ್ಲಿ 3, ಮದ್ದೂರಿನಲ್ಲಿ 2, ಶ್ರೀರಂಗಪಟ್ಟಣ, ಪಾಂಡವಪುರ, ಮಳವಳ್ಳಿಯಲ್ಲಿ ಒಂದೊಂದು. ಪಾಠದ ವಿಡಿಯೊ, ಹಾಜರಿ, ಟೆಸ್ಟ್ ಅಂಕ ಎಲ್ಲಾ ಅವುಗಳಲ್ಲೇ ಇರುತ್ತದೆ. ನಾನಿರುವುದು ಕುವೆಂಪುನಗರದಲ್ಲಿ. ಪ್ರತಿ ಸಣ್ಣ ಬದಲಾವಣೆಗೂ ಮದ್ದೂರಿಗೆ ಹೋಗಿಬರುವುದು ವಡೆ ತಿನ್ನೋಕೆ ಚೆನ್ನಾಗಿರುತ್ತದೆ, ಕೆಲಸಕ್ಕಲ್ಲ.

ಆಗ ನಾನು ಮಾಡುತ್ತಿದ್ದದ್ದು ಬಹಳ ಜನ ಮಾಡುವುದನ್ನೇ. ಒಂದೊಂದು ಮಷಿನ್‌ಗೂ ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದಿಂದಲೇ ಭದ್ರವಾದ ಸಂಪರ್ಕ ಹಾಕಿಕೊಂಡು, ಒಳಗೆ ಹೋಗುವುದು, ನಾಲ್ಕು ಕಮಾಂಡ್ ಹೊಡೆಯುವುದು, ಹೊರಗೆ ಬರುವುದು. ಒಂದು ಮಷಿನ್‌ಗೆ ಇದು ಸಾಕು. 12ಕ್ಕೆ ಸಾಲದು. ಒಂದರಲ್ಲಿ ಅವಸರಕ್ಕೆ ಏನೋ ಒಂದು ತಿದ್ದಿರುತ್ತೀರಿ, ಇನ್ನೊಂದರಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತಿರುತ್ತದೆ. ಆರು ತಿಂಗಳಾದರೆ ಒಂದರ ಹಾಗೆ ಇನ್ನೊಂದಿಲ್ಲ. ಈ ಕೆಲಸದವರು ಇದನ್ನು ಕಾನ್ಫಿಗರೇಷನ್ ಡ್ರಿಫ್ಟ್ ಅನ್ನುತ್ತಾರೆ. ಒಂದೇ ಥರ ಶುರುವಾದ ಮಷಿನ್‌ಗಳು ಯಾರಿಗೂ ಗೊತ್ತಾಗದ ಹಾಗೆ ಬೇರೆ ಬೇರೆ ದಿಕ್ಕಿಗೆ ಸರಿಯುವುದು.

ಇದಕ್ಕೆ ನಾನು ಕಂಡುಕೊಂಡ ದಾರಿ ನಿಕ್ಸ್‌ಓಎಸ್, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದು ರೂಪ. ಅದು ಹೇಗೆ ಕೆಲಸ ಮಾಡುತ್ತದೆ, ಒಂದೇ ಕಡೆಯಿಂದ ಹತ್ತಾರು ಮಷಿನ್‌ಗಳಿಗೆ ಹೇಗೆ ಕಳಿಸಬಹುದು, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಎಲೆ ಹೀಗಿರಬೇಕು

ಮದುವೆ ಮನೆಯಲ್ಲಿ ಬಡಿಸುವ ಹುಡುಗರಿಗೆ ಎರಡು ಥರ ಹೇಳಬಹುದು. ಒಂದು: "ಮೊದಲು ಉಪ್ಪು ಹಾಕ್ಕೊಂಡು ಬಾ, ಆಮೇಲೆ ಕೋಸಂಬರಿ, ಆಮೇಲೆ ಪಲ್ಯ." ಇನ್ನೊಂದು: "ನೋಡಪ್ಪ, ಎಲೆ ಹೀಗಿರಬೇಕು. ತುದಿಯಲ್ಲಿ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ. ಯಾವ ಎಲೆ ನೋಡಿದರೂ ಹೀಗೇ ಕಾಣಬೇಕು."

ಮೊದಲನೆಯದರಲ್ಲಿ ತೊಂದರೆ ಎಲ್ಲಿ ಅಂದರೆ, ಹುಡುಗನನ್ನು ಮಧ್ಯದಲ್ಲಿ ಯಾರಾದರೂ ಕರೆದರೆ ಕೆಟ್ಟಿತು. ಈ ಸಾಲಿಗೆ ಉಪ್ಪು ಹಾಕಿದ್ದೆನಾ ಇಲ್ವಾ? ಹಾಕಿಲ್ಲ ಅಂದುಕೊಂಡು ಇನ್ನೊಂದು ಸಲ ಹಾಕಿದರೆ ಉಪ್ಪು ಎರಡಾಯಿತು. ನಾವು ಬರೆಯುವ ಶೆಲ್ ಸ್ಕ್ರಿಪ್ಟ್‌ಗಳ ಕಥೆ ಇದೇ. ಹೆಜ್ಜೆ ಹೆಜ್ಜೆಯಾಗಿ ಕೆಲಸ ಹೇಳುತ್ತವೆ. ಅರ್ಧಕ್ಕೆ ನಿಂತರೆ ಎಲ್ಲಿ ನಿಂತಿತು ಅಂತ ಹುಡುಕಬೇಕು.

ಎರಡನೆಯದೇ ಡಿಕ್ಲರೇಟಿವ್ ಪದ್ಧತಿ. ಏನೇನು ಮಾಡಬೇಕು ಅಂತ ಹೇಳುವುದಿಲ್ಲ, ಕೊನೆಗೆ ಹೇಗಿರಬೇಕು ಅಂತ ಬರೆದಿಡುತ್ತೀರಿ. ಈಗಿನ ಸ್ಥಿತಿಯಿಂದ ಅಲ್ಲಿಗೆ ಹೋಗುವ ದಾರಿಯನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ.

2012ರಲ್ಲಿ ಬಂದ, ಹಲವು ಮಷಿನ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಆನ್ಸಿಬಲ್ ಎಂಬ ಸಲಕರಣೆ ಈ ದಾರಿಯಲ್ಲಿ ಸುಮಾರು ದೂರ ಹೋಗುತ್ತದೆ. "ಈ ಪ್ಯಾಕೇಜ್ ಇರಬೇಕು" ಅಂತ ಬರೆದರೆ, ಇದ್ದರೆ ಸುಮ್ಮನಿರುತ್ತದೆ, ಇಲ್ಲದಿದ್ದರೆ ಹಾಕುತ್ತದೆ. ಎಷ್ಟು ಸಲ ಓಡಿಸಿದರೂ ಉಪ್ಪು ಎರಡಾಗುವುದಿಲ್ಲ. ನಾನೂ ಒಂದು ವರ್ಷ ಅದನ್ನೇ ಬಳಸಿದೆ, ದೂರುವಂಥದ್ದೇನಿಲ್ಲ. ಆದರೆ ಅದಕ್ಕೆ ಕಾಣುವುದು ಪಟ್ಟಿಯಲ್ಲಿ ಇರುವುದಷ್ಟೇ. ಒಂದು ಸಾಲನ್ನು ಪಟ್ಟಿಯಿಂದ ಅಳಿಸಿದರೆ ಆ ವಸ್ತು ಎಲೆಯಿಂದ ಮಾಯವಾಗುವುದಿಲ್ಲ. ಬೇಡದ ಪ್ರಿಂಟ್ ಸರ್ವಿಸ್ ಒಂದನ್ನು ನನ್ನ ಪಟ್ಟಿಯಿಂದ ತೆಗೆದಿದ್ದೆ. ಮೂರು ಮಷಿನ್‌ಗಳಲ್ಲಿ ಅದು ತಿಂಗಳುಗಟ್ಟಲೆ ಸುಮ್ನೆ ಓಡುತ್ತಲೇ ಇತ್ತು. ತೆಗೆಯಬೇಕಿದ್ದರೆ "ಇದು ಇರಬಾರದು" ಅಂತ ಬೇರೆಯಾಗಿ ಬರೆಯಬೇಕಿತ್ತು. ಇರಬಾರದ್ದನ್ನೆಲ್ಲ ನೆನಪಿಟ್ಟು ಬರೆಯುತ್ತಾ ಕೂರಲು ಯಾರಿಂದ ಆಗುತ್ತದೆ?

ನಿಕ್ಸ್‌ಓಎಸ್ ಹಳೆಯ ಎಲೆಗೆ ಕೈಯೇ ಹಾಕುವುದಿಲ್ಲ. ಪಕ್ಕದಲ್ಲಿ ಹೊಸ ಎಲೆ ಹಾಸಿ, ಪಟ್ಟಿಯಲ್ಲಿ ಇರುವುದನ್ನೆಲ್ಲ ಮೊದಲಿನಿಂದ ಬಡಿಸಿ, ಎಲ್ಲಾ ಸರಿಯಾದ ಮೇಲೆ "ಬನ್ನಿ, ಇಲ್ಲಿ ಕೂತ್ಕೊಳ್ಳಿ" ಅನ್ನುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಹೊಸ ಎಲೆಗೆ ಬರುವುದೇ ಇಲ್ಲ, ಹಾಗಾಗಿ ಅಳಿಸುವ ಪ್ರಶ್ನೆಯೂ ಇಲ್ಲ. ಇನ್ನೊಂದು ಲಾಭ ಇದೆ. ಹೊಸ ಎಲೆ ಹಿಡಿಸಲಿಲ್ಲವಾ? ಹಳೆಯದು ಅಲ್ಲೇ ಇದೆ, ಎದ್ದು ವಾಪಸ್ ಹೋಗಿ ಕೂರಬಹುದು.

ಸ್ಟೋರ್ ಅನ್ನುವ ಉಗ್ರಾಣ

ಇದು ಸಾಧ್ಯವಾಗುವುದು ಫೈಲುಗಳನ್ನು ಇಡುವ ರೀತಿಯಿಂದ. ಸಾಮಾನ್ಯ ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮ್‌ನ ಹೊಸ ಆವೃತ್ತಿ ಹಾಕಿದರೆ ಅದು ಹಳೆಯದರ ಮೇಲೇ ಕೂರುತ್ತದೆ. ನಿಕ್ಸ್‌ಓಎಸ್‌ಗೆ ಅಡಿಪಾಯ ನಿಕ್ಸ್, ಪ್ರೋಗ್ರಾಮ್‌ಗಳನ್ನು ತಯಾರಿಸಿ ಹಾಕುವ ಸಾಫ್ಟ್‌ವೇರ್. ಅದರಲ್ಲಿ ಎಲ್ಲವೂ ಸ್ಟೋರ್ ಎಂಬ ಒಂದೇ ಡೈರೆಕ್ಟರಿಯೊಳಗೆ, ತನ್ನದೇ ಬೇರೆ ಫೋಲ್ಡರ್‌ನಲ್ಲಿ ಇರುತ್ತದೆ. ಆ ಫೋಲ್ಡರ್‌ನ ಹೆಸರು 32 ಅಕ್ಷರಗಳ ಒಂದು ಹ್ಯಾಶ್‌ನಿಂದ, ಅಂದರೆ ಬೆರಳಚ್ಚಿನಂಥ ಗುರುತಿನಿಂದ, ಶುರುವಾಗುತ್ತದೆ. ಆ ಹ್ಯಾಶ್ ಎಲ್ಲಿಂದ ಬಂತು? ಆ ಪ್ರೋಗ್ರಾಮ್ ತಯಾರಿಸಲು ಬಳಸಿದ ಮೂಲ ಕೋಡ್, ಕಂಪೈಲರ್, ಲೈಬ್ರರಿ, ಆಯ್ಕೆಗಳು, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬಂದದ್ದು. ಇವುಗಳಲ್ಲಿ ಒಂದು ಚೂರು ಬದಲಾದರೂ ಹ್ಯಾಶ್ ಬದಲು, ಫೋಲ್ಡರ್ ಬದಲು. ಅದಕ್ಕೇ ಒಂದೇ ಪ್ರೋಗ್ರಾಮ್‌ನ ಎರಡು ಆವೃತ್ತಿಗಳು ಜಗಳವಿಲ್ಲದೆ ಒಂದೇ ಮಷಿನ್‌ನಲ್ಲಿ ಇರುತ್ತವೆ.

ಸಿಸ್ಟಮ್‌ನ ತಿರುಳಾದ ಕರ್ನಲ್, ಸರ್ವಿಸ್‌ಗಳ ಸೆಟ್ಟಿಂಗ್, ಬಳಕೆದಾರರ ಪಟ್ಟಿ, ಫಾಂಟ್, ಇವೆಲ್ಲ ಸೇರಿದ ಪೂರ್ತಿ ಆಪರೇಟಿಂಗ್ ಸಿಸ್ಟಮ್ ಕೂಡ ಕೊನೆಗೆ ಇದೇ ಸ್ಟೋರ್‌ನ ಒಂದು ಫೋಲ್ಡರ್. ಒಂದೊಂದು ಸಲ ಬದಲಿಸಿದಾಗಲೂ ಹೊಸ ಫೋಲ್ಡರ್ ಹುಟ್ಟುತ್ತದೆ. ಅದಕ್ಕೆ ಜನರೇಷನ್ ಅಂತ ಹೆಸರು, ಕ್ರಮಸಂಖ್ಯೆ ಕೂಡ ಇರುತ್ತದೆ. "ಈಗ ನಡೆಯುತ್ತಿರುವುದು ಯಾವುದು" ಅನ್ನುವುದು ಬರೀ ಒಂದು ಕೊಂಡಿ, ಅಂದರೆ ಸಿಮ್‌ಲಿಂಕ್. ಆ ಕೊಂಡಿಯನ್ನು 41ರಿಂದ ಬಿಚ್ಚಿ 42ಕ್ಕೆ ಹಾಕಿದರೆ ಆಯಿತು.

ಈ ವಿಚಾರ ಶುರುವಾಗಿದ್ದು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ. ಈಲ್ಕೊ ಡೋಲ್ಸ್ಟ್ರಾ 2003ರಲ್ಲಿ ನಿಕ್ಸ್ ಶುರು ಮಾಡಿ, 2006ರಲ್ಲಿ ಅದರ ಮೇಲೆ ಪಿಎಚ್‌ಡಿ ಪ್ರಬಂಧ ಕೊಟ್ಟರು. ಅದೇ ವಿಚಾರವನ್ನು ಇಡೀ ಆಪರೇಟಿಂಗ್ ಸಿಸ್ಟಮ್‌ಗೆ ಹಬ್ಬಿಸಬಹುದು ಅಂತ ಅಲ್ಲೇ ಆರ್ಮೈನ್ ಹೆಮೆಲ್ ಅದೇ ವರ್ಷ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದರು. ನಿಕ್ಸ್ ಅನ್ನುವ ಹೆಸರು ಡಚ್ ಭಾಷೆಯ ಒಂದು ಮಾತಿನಿಂದ ಬಂದದ್ದು. ಅರ್ಥ, "ಏನೂ ಇಲ್ಲ". ನೀವು ಬಾಯಿಬಿಟ್ಟು ಹೇಳದ ಯಾವ ವಸ್ತುವೂ ತಯಾರಿಕೆಯ ಹೊತ್ತಿಗೆ ಕಣ್ಣಿಗೆ ಬೀಳುವುದಿಲ್ಲ ಅನ್ನುವುದಕ್ಕೆ ಆ ಹೆಸರು. ನನ್ನ ಮಷಿನ್‌ನಲ್ಲಿ ಓಡುತ್ತೆ, ನಿಮ್ಮದರಲ್ಲಿ ಓಡಲ್ಲ ಅನ್ನುವ ಗೋಳಿನ ಮೂಲ ಇಂಥ ಹೇಳದೇ ಉಳಿದ ವಸ್ತುಗಳೇ ಅಲ್ವಾ?

ನನ್ನ 12 ಮಷಿನ್‌ಗಳ ವಿವರ ಈಗ ಒಂದೇ ಗಿಟ್ ರೆಪಾಸಿಟರಿಯಲ್ಲಿದೆ, ಅಂದರೆ ಪ್ರತಿ ಬದಲಾವಣೆಯನ್ನೂ ನೆನಪಿಡುವ ಒಂದು ಫೈಲು ಸಂಗ್ರಹದಲ್ಲಿ. ಎಲ್ಲರಿಗೂ ಸೇರಿದ ಒಂದು ಫೈಲು. ಕನ್ನಡ ಫಾಂಟ್, ಸಮಯ ವಲಯ, ನನ್ನ ಎಸ್‌ಎಸ್‌ಎಚ್ ಕೀ, ಬ್ಯಾಕಪ್ ಎಲ್ಲಾ ಅದರಲ್ಲಿ. ಜೊತೆಗೆ ಊರಿಗೊಂದು ಪುಟ್ಟ ಫೈಲು. ಅದರಲ್ಲಿ ಮಷಿನ್‌ನ ಹೆಸರು, ಡಿಸ್ಕ್‌ನ ವಿವರ, ಅಲ್ಲಿಗೆ ಮಾತ್ರ ಬೇಕಾದ ಒಂದೆರಡು ಸಂಗತಿ. ಇನ್ನೂ ಒಂದು ಫೈಲು ಇದೆ, ಅದನ್ನು ನಾನು ಬರೆಯುವುದಿಲ್ಲ. ಅದು ಲಾಕ್ ಫೈಲು. ನಿಕ್ಸ್‌ನ ಪ್ಯಾಕೇಜ್ ಸಂಗ್ರಹದಲ್ಲಿ 1 ಲಕ್ಷಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ, ದಿನಾ ಬದಲಾಗುತ್ತಿರುತ್ತವೆ. ಯಾವ ಕ್ಷಣದ ಸಂಗ್ರಹ ನನಗೆ ಬೇಕು ಅನ್ನುವುದನ್ನು ಲಾಕ್ ಫೈಲು ಗಟ್ಟಿಯಾಗಿ ಹಿಡಿದಿಡುತ್ತದೆ. ಅದಕ್ಕೇ ಇವತ್ತು ಮಂಡ್ಯಕ್ಕೆ, ಬರುವ ವಾರ ಮದ್ದೂರಿಗೆ ಕಳಿಸಿದರೂ ಎರಡೂ ಕಡೆ ಒಂದೇ ಆವೃತ್ತಿ ಇರುತ್ತದೆ. ಫಾಂಟ್ ಬೇಕು ಅಂತ ಒಂದು ಸಾಲು ಸೇರಿಸಿದರೆ 12 ಕಡೆಗೂ ಸೇರಿದ ಹಾಗೆ. ಮದ್ದೂರಿನ ಎರಡನೆಯ ಮಷಿನ್ ನನ್ನ ಕಾಫಿಯನ್ನು ನಂಬಿ ಕೂರಬೇಕಿಲ್ಲ.

ಕಳಿಸುವುದು ಅಂದರೆ ಏನು?

ದೂರದ ಮಷಿನ್‌ಗೆ ಕಳಿಸುವ ಕೆಲಸದಲ್ಲಿ ನಾಲ್ಕು ಘಟ್ಟಗಳಿವೆ. ಇವನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಅರ್ಧ ಗೊಂದಲ ಹೋಗುತ್ತದೆ, ಯಾಕೆಂದರೆ ಯಾವ ಘಟ್ಟ ಯಾವ ಮಷಿನ್‌ನಲ್ಲಿ ನಡೆಯಬೇಕು ಅನ್ನುವುದನ್ನು ನೀವೇ ಆರಿಸಬಹುದು.

ಮೊದಲನೆಯದು ಲೆಕ್ಕ ಹಾಕುವುದು. ನಾನು ಬರೆದ ವಿವರವನ್ನು ಓದಿ, ಏನೇನು ತಯಾರಾಗಬೇಕು ಅನ್ನುವ ಪಟ್ಟಿ ಮಾಡುವುದು. ಇದು ನನ್ನ ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ. ಮಷಿನ್‌ಗಳು ಜಾಸ್ತಿಯಾದಂತೆ ಮೆಮೊರಿ ಚೆನ್ನಾಗಿ ತಿನ್ನುತ್ತದೆ. 12ಕ್ಕೂ ಒಟ್ಟಿಗೆ ಲೆಕ್ಕ ಹಾಕಲು ಹೋಗಿ ನನ್ನ ಹಳೆಯ ಲ್ಯಾಪ್‌ಟಾಪ್ ಉಸಿರುಕಟ್ಟಿ ನಿಂತದ್ದುಂಟು.

ಎರಡನೆಯದು ತಯಾರಿಸುವುದು. ಹೆಸರು ಕೇಳಿ ಹೆದರಬೇಡಿ. ಬಹುಪಾಲು ಪ್ಯಾಕೇಜ್‌ಗಳು ನಿಕ್ಸ್‌ಓಎಸ್‌ನವರ ಕ್ಯಾಶ್ ಸರ್ವರ್‌ನಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ಹ್ಯಾಶ್ ಒಂದೇ ಆದರೆ ವಸ್ತುವೂ ಅದೇ. ಅಲ್ಲಿಂದ ಇಳಿಸಿಕೊಂಡರಾಯಿತು. ನನ್ನಲ್ಲೇ ತಯಾರಾಗುವುದು ಹೆಚ್ಚಾಗಿ ಸಣ್ಣ ಸಣ್ಣ ಸೆಟ್ಟಿಂಗ್ ಫೈಲುಗಳು. ಪಾಂಡವಪುರದ್ದೊಂದು ಮಾತ್ರ ತಕರಾರು. ಅದು ರಾಸ್ಪ್‌ಬೆರಿ ಪೈ ಎಂಬ ಪುಟಾಣಿ ಕಂಪ್ಯೂಟರ್, ಅದರ ಪ್ರೊಸೆಸರ್‌ನ ಜಾತಿಯೇ ಬೇರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ತಯಾರಿಸಬೇಕಾದರೆ ಎಮ್ಯುಲೇಷನ್, ಅಂದರೆ ಆ ಪ್ರೊಸೆಸರ್‌ನ ವೇಷ ಹಾಕಿಸುವುದು, ಬೇಕು, ಅದು ಆಮೆ ನಡಿಗೆ. ಹಾಗಾಗಿ ಅದರ ಪಾಲಿನದನ್ನು ಅದೇ ತಯಾರಿಸಿಕೊಳ್ಳಲಿ ಅಂತ ಬಿಟ್ಟಿದ್ದೇನೆ.

ಮೂರನೆಯದು ಸಾಗಿಸುವುದು. ಇಲ್ಲಿ ಹ್ಯಾಶ್‌ನ ಬೆಲೆ ಗೊತ್ತಾಗುತ್ತದೆ. ಮಳವಳ್ಳಿಯ ಮಷಿನ್‌ಗೆ ನನ್ನ ಲ್ಯಾಪ್‌ಟಾಪ್ "ನಿನ್ನ ಉಗ್ರಾಣದಲ್ಲಿ ಇವುಗಳಲ್ಲಿ ಯಾವ್ಯಾವುದಿದೆ?" ಅಂತ ಕೇಳುತ್ತದೆ. ಇಲ್ಲದ್ದನ್ನು ಮಾತ್ರ ಎಸ್‌ಎಸ್‌ಎಚ್ ಮೇಲೆ ಕಳಿಸುತ್ತದೆ. ಒಂದು ಸಾಲಿನ ಬದಲಾವಣೆಯಾದರೆ ಸಾಗಿಸುವ ಭಾರ ಬಹಳ ಕಡಿಮೆ. ದೊಡ್ಡ ಅಪ್‌ಡೇಟ್ ಆದರೆ, ನನ್ನ ಮನೆಯ ಅಪ್‌ಲೋಡ್ ವೇಗಕ್ಕೆ ಬೆಳಗಾಗುತ್ತದೆ. ಅದಕ್ಕೆ ಒಂದು ಆಯ್ಕೆ ಇದೆ. ಕ್ಯಾಶ್ ಸರ್ವರ್‌ನಲ್ಲಿ ಸಿಗುವುದನ್ನೆಲ್ಲ ಆಯಾ ಮಷಿನ್ ತಾನೇ ನೇರವಾಗಿ ಇಳಿಸಿಕೊಳ್ಳುತ್ತದೆ, ನಾನು ಕಳಿಸುವುದು ನನ್ನಲ್ಲಿ ಮಾತ್ರ ಇರುವುದನ್ನು. ನಮ್ಮ ಊರುಗಳ ಬ್ರಾಡ್‌ಬ್ಯಾಂಡ್‌ಗೆ ಇದೇ ಸರಿ.

ಸಾಗಿಸುವಾಗ ಕರೆಂಟ್ ಹೋದರೆ? ಮಂಡ್ಯದ ಕಡೆಯವರು ಮೊದಲು ಕೇಳುವ ಪ್ರಶ್ನೆ ಇದು. ಏನೂ ಆಗುವುದಿಲ್ಲ. ಪೂರ್ತಿ ಬಂದು ಸೇರಿದ ವಸ್ತುವನ್ನು ಮಾತ್ರ ಸ್ಟೋರ್ ತನ್ನ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಹಳೆಯ ಸಿಸ್ಟಮ್ ಇದ್ದ ಹಾಗೇ ಇರುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಕಳಿಸಿದರೆ ಉಳಿದದ್ದು ಹೋಗುತ್ತದೆ.

ಒಂದು ಎಚ್ಚರಿಕೆ. ಯಾರು ಕಳಿಸಿದರೂ ಮಷಿನ್ ತೆಗೆದುಕೊಳ್ಳುವುದಿಲ್ಲ. ಬಂದ ವಸ್ತುವಿಗೆ ಅದು ನಂಬುವ ಕೀಯಿಂದ ಸಹಿ ಆಗಿರಬೇಕು, ಇಲ್ಲವೇ ಕಳಿಸುವವನು ಅಲ್ಲಿ ನಂಬಿಕಸ್ಥ ಬಳಕೆದಾರ ಅಂತ ದಾಖಲಾಗಿರಬೇಕು. ಎರಡನೆಯದು ಸುಲಭ ಅಂತ ಎಲ್ಲರೂ ಅದನ್ನೇ ಮಾಡುತ್ತಾರೆ. ಆದರೆ ಹಾಗೆ ದಾಖಲಾದವನಿಗೆ ರೂಟ್ ಅಧಿಕಾರ, ಅಂದರೆ ಮಷಿನ್‌ನ ಪೂರ್ತಿ ಹಿಡಿತ, ಕೊಟ್ಟ ಹಾಗೇ ಲೆಕ್ಕ. ಸೆಂಟರ್‌ನ ಮೇಷ್ಟ್ರ ಅಕೌಂಟ್‌ಗೆ ಅದನ್ನು ಕೊಡಬೇಡಿ.

ನಾಲ್ಕನೆಯದು ಚಾಲೂ ಮಾಡುವುದು. ಕೊಂಡಿ ಬದಲಿಸುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆಮೇಲೆ ಹಳೆಯ ಮತ್ತು ಹೊಸ ಸರ್ವಿಸ್‌ಗಳನ್ನು ಹೋಲಿಸಿ, ಬದಲಾದವನ್ನು ಮಾತ್ರ ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ಇಷ್ಟು ಹೊತ್ತು ಹೇಳಿದ್ದರಲ್ಲಿ ನಿಜವಾದ ಅಪಾಯ ಇರುವುದು ಈ ಘಟ್ಟದಲ್ಲಿ. ಅದು ನನಗೆ ಗೊತ್ತಾದದ್ದು ಬಸ್ಸಿನಲ್ಲಿ.

ಕೂತ ಕೊಂಬೆ

ನಮ್ಮ ಸೆಂಟರ್‌ಗಳ ಇಂಟರ್‌ನೆಟ್‌ಗೆ ಹೊರಗಿನಿಂದ ತಲುಪಬಹುದಾದ ಸ್ವಂತ ವಿಳಾಸವಿಲ್ಲ. ಹಾಗಾಗಿ ಪ್ರತಿ ಮಷಿನ್‌ನಿಂದಲೂ ಬಾಡಿಗೆಯ ಒಂದು ಪುಟ್ಟ ಸರ್ವರ್‌ಗೆ ವೈರ್‌ಗಾರ್ಡ್ ಎಂಬ ಸುರಂಗ ಹಾಕಿದ್ದೇನೆ. ನಾನು ಮಳವಳ್ಳಿಗೆ ಹೋಗುವುದು ಆ ಸುರಂಗದೊಳಗಿಂದ. ಒಂದು ದಿನ ಸುರಂಗದ ವಿಳಾಸವನ್ನೇ ಬದಲಿಸಬೇಕಾಗಿ ಬಂತು. ಮಳವಳ್ಳಿಯ ಫೈಲಿನಲ್ಲಿ ಒಂದು ಅಂಕಿ ತಪ್ಪು ಹೊಡೆದೆ. ಕಳಿಸಿದೆ.

ನಿಕ್ಸ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು. ನಾನು ಬರೆದದ್ದನ್ನೇ ತಯಾರಿಸಿತು, ಸಾಗಿಸಿತು, ಚಾಲೂ ಮಾಡಿತು. ಸುರಂಗದ ಸರ್ವಿಸ್ ತಪ್ಪು ವಿಳಾಸದೊಂದಿಗೆ ಮತ್ತೆ ಶುರುವಾಯಿತು. ನನ್ನ ಪರದೆ ನಿಂತಲ್ಲೇ ನಿಂತಿತು. ಕೂತ ಕೊಂಬೆಯನ್ನು ನಾನೇ ಕಡಿದಿದ್ದೆ. ಡಿಕ್ಲರೇಟಿವ್ ಅಂದರೆ ತಪ್ಪಾಗುವುದಿಲ್ಲ ಅಂತಲ್ಲ. ನೀವು ಬರೆದ ತಪ್ಪು ಚೂರೂ ಹೆಚ್ಚುಕಡಿಮೆಯಾಗದೆ ನಡೆದುಬಿಡುತ್ತದೆ.

ಅರ್ಧ ಗಂಟೆಯಲ್ಲಿ ಅಲ್ಲಿನ ಮೇಷ್ಟ್ರ ಫೋನ್. "ಸಾ, ನಿಮ್ ಡಬ್ಬ ಮನಿಕಂಬುಟ್ಟದೆ." ಒಂದು ಸಲ ಆಫ್ ಮಾಡಿ ಆನ್ ಮಾಡಿ ಅಂದೆ. ಮಾಡಿದರು. ಅದೇ ಸ್ಥಿತಿ. ಹಳೆಯ ಜನರೇಷನ್‌ಗಳ ಪಟ್ಟಿ ಬೂಟ್ ಆಗುವಾಗ ತೆರೆಯ ಮೇಲೆ ಬರುತ್ತದೆ, ಅದರಲ್ಲಿ ಹಿಂದಿನದನ್ನು ಆರಿಸಿದರೆ ಮುಗಿಯಿತು. ಆದರೆ ಆ ಡಬ್ಬಕ್ಕೆ ತೆರೆಯೇ ಇರಲಿಲ್ಲ! ಮಾನಿಟರ್ ಒಂದನ್ನು ಚೀಲಕ್ಕೆ ತುಂಬಿಕೊಂಡು ಸಬರ್ಬನ್ ಸ್ಟ್ಯಾಂಡ್‌ನಲ್ಲಿ ಬಸ್ ಹತ್ತಿದೆ. ಬನ್ನೂರು ದಾಟುವವರೆಗೂ ಪಕ್ಕದವರು "ಟಿವಿ ಎಷ್ಟು ಕೊಟ್ರಿ?" ಅಂತ ಕೇಳುತ್ತಲೇ ಇದ್ದರು. ಮಳವಳ್ಳಿಯಲ್ಲಿ ಕೆಲಸ ಎರಡು ನಿಮಿಷದ್ದು.

ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು, ಆ ಪ್ರಯಾಣ ಬೇಕೇ ಇರಲಿಲ್ಲ. ಹೊಸ ಸಿಸ್ಟಮ್ ಚಾಲೂ ಮಾಡಲು ನಿಕ್ಸ್‌ಓಎಸ್‌ನಲ್ಲಿ ಬೇರೆ ಬೇರೆ ಆಜ್ಞೆಗಳಿವೆ. ಸ್ವಿಚ್ ಅಂದರೆ ಈಗಲೇ ಚಾಲೂ ಮಾಡು, ಮುಂದೆ ಬೂಟ್ ಆದಾಗಲೂ ಇದೇ ಇರಲಿ. ಟೆಸ್ಟ್ ಅಂದರೆ ಈಗ ಚಾಲೂ ಮಾಡು, ಆದರೆ ಬೂಟ್ ಆದರೆ ಹಳೆಯದೇ ಬರಲಿ. ಬೂಟ್ ಅಂದರೆ ಈಗ ಮುಟ್ಟಬೇಡ, ಮುಂದಿನ ಬೂಟ್‌ಗೆ ಹೊಸದು ಬರಲಿ. ಏನೇನು ಬದಲಾಗುತ್ತದೆ ಅಂತ ಬರೀ ತೋರಿಸುವ ಇನ್ನೊಂದಿದೆ. ನಾನು ಒತ್ತಿದ್ದು ಸ್ವಿಚ್. ಟೆಸ್ಟ್ ಒತ್ತಿದ್ದರೆ, ಮೇಷ್ಟ್ರು ಆಫ್ ಮಾಡಿ ಆನ್ ಮಾಡಿದ ಕೂಡಲೇ ಹಳೆಯ ಸುರಂಗ ವಾಪಸ್ ಬಂದಿರುತ್ತಿತ್ತು. ಈಗ ನೆಟ್‌ವರ್ಕ್‌ಗೆ ಸಂಬಂಧಪಟ್ಟ ಯಾವ ಬದಲಾವಣೆಯಾದರೂ ಮೊದಲು ಟೆಸ್ಟ್. ಒಳಗೆ ಹೋಗಲು ಆಗುತ್ತಿದೆ ಅಂತ ಖಾತ್ರಿಯಾದ ಮೇಲೆ ಸ್ವಿಚ್.

ಇದನ್ನೇ ತಾನಾಗಿ ಮಾಡುವ ಸಲಕರಣೆಯೂ ಇದೆ, ಹೆಸರು ಡಿಪ್ಲಾಯ್-ಆರ್‌ಎಸ್. ಅದರ ಮ್ಯಾಜಿಕ್ ರೋಲ್‌ಬ್ಯಾಕ್ ನನಗೆ ಬಹಳ ಇಷ್ಟವಾದ ಉಪಾಯ. ಹೊಸ ಸಿಸ್ಟಮ್ ಚಾಲೂ ಆದ ಮೇಲೆ ದೂರದ ಮಷಿನ್ ಒಂದು ಗುರುತಿನ ಫೈಲು ಇಟ್ಟುಕೊಂಡು ಕಾಯುತ್ತದೆ. ನನ್ನ ಲ್ಯಾಪ್‌ಟಾಪ್ ಹೊಸದಾಗಿ ಎಸ್‌ಎಸ್‌ಎಚ್ ಮಾಡಿ ಒಳಗೆ ಹೋಗಿ ಆ ಫೈಲನ್ನು ಅಳಿಸಬೇಕು. ಬೇರೆ ಏನೂ ಹೇಳದಿದ್ದರೆ 30 ಸೆಕೆಂಡ್ ಗಡುವು. ಅಷ್ಟರಲ್ಲಿ ಅಳಿಸದಿದ್ದರೆ "ಇವನಿಗೆ ಒಳಗೆ ಬರೋಕಾಗ್ತಿಲ್ಲ, ಏನೋ ಕೆಟ್ಟಿದೆ" ಅಂತ ತಿಳಿದು ಮಷಿನ್ ತಾನೇ ಹಿಂದಿನ ಜನರೇಷನ್‌ಗೆ ಹೋಗುತ್ತದೆ. ಗುಟ್ಟು ಇರುವುದು "ಹೊಸದಾಗಿ" ಅನ್ನುವ ಮಾತಿನಲ್ಲಿ. ಹಳೆಯ ಸಂಪರ್ಕ ಸ್ವಲ್ಪ ಹೊತ್ತು ಜೀವ ಹಿಡಿದುಕೊಂಡಿರಬಹುದು, ಅದನ್ನು ನಂಬುವಂತಿಲ್ಲ. ಬಾಗಿಲು ತೆರೆಯುತ್ತದಾ ಅಂತ ತಿಳಿಯಲು ಹೊರಗೆ ಹೋಗಿಯೇ ತಟ್ಟಬೇಕು.

ಉಳಿದ ಸಲಕರಣೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೆರಡು ಮಷಿನ್ ಇದ್ದರೆ ನಿಕ್ಸ್‌ಓಎಸ್ ಜೊತೆಗೇ ಬರುವ ರೀಬಿಲ್ಡ್ ಕಮಾಂಡ್ ಸಾಕು, ದೂರದ ಮಷಿನ್‌ನ ಹೆಸರು ಕೊಟ್ಟರೆ ಅಲ್ಲಿಗೆ ಕಳಿಸುತ್ತದೆ. ನಿಕ್ಸ್‌ಆಪ್ಸ್ ಹಿರಿಯ. ಆದರೆ ಅದು ಯಾವ ಮಷಿನ್ ಎಲ್ಲಿದೆ ಅನ್ನುವ ಲೆಕ್ಕವನ್ನು ತನ್ನದೇ ಡೇಟಾಬೇಸ್ ಫೈಲಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಆ ಫೈಲು ಇದ್ದ ಲ್ಯಾಪ್‌ಟಾಪ್ ಹಾಳಾದರೆ ಪರದಾಟ. ಮಾರ್ಫ್, ಕೋಲ್ಮೆನಾ, ಡಿಪ್ಲಾಯ್-ಆರ್‌ಎಸ್ ಮೂರಕ್ಕೂ ಅಂಥ ಫೈಲು ಬೇಡ. ಕೋಲ್ಮೆನಾದಲ್ಲಿ ಮಷಿನ್‌ಗಳಿಗೆ ಚೀಟಿ ಅಂಟಿಸಿ ಗುಂಪು ಮಾಡಬಹುದು. "ಮಂಡ್ಯ ಗುಂಪಿಗೆ ಮಾತ್ರ ಕಳಿಸು" ಅಂದರೆ ಮೂರಕ್ಕೂ ಒಟ್ಟಿಗೆ ಹೋಗುತ್ತದೆ. ನಾನು ದಿನನಿತ್ಯಕ್ಕೆ ಕೋಲ್ಮೆನಾ, ನೆಟ್‌ವರ್ಕ್ ಮುಟ್ಟುವಾಗ ಡಿಪ್ಲಾಯ್-ಆರ್‌ಎಸ್ ಬಳಸುತ್ತೇನೆ. ಎರಡೆರಡು ಯಾಕೆ ಅಂತ ಬೈಯುವವರಿದ್ದಾರೆ. ಬೈಯಲಿ.

ಇನ್ನೊಂದು ದಾರಿ ಪೂರಾ ತಿರುಗುಮುರುಗು. ನಾನು ಕಳಿಸುವ ಬದಲು ಮಷಿನ್‌ಗಳೇ ಬಂದು ತೆಗೆದುಕೊಂಡು ಹೋಗುವುದು. ಕಾಮಿನ್ ಎಂಬ ಸಲಕರಣೆ ಹೀಗೆ ಮಾಡುತ್ತದೆ. ಪ್ರತಿ ಮಷಿನ್ ಆಗಾಗ ಗಿಟ್ ರೆಪಾಸಿಟರಿ ನೋಡುತ್ತದೆ, ಹೊಸದಿದ್ದರೆ ತಾನೇ ತಂದು ಹಾಕಿಕೊಳ್ಳುತ್ತದೆ. ನಾನು ಕಳಿಸುವ ಹೊತ್ತಿಗೆ ಕರೆಂಟ್ ಇಲ್ಲದೆ ಮಲಗಿದ್ದ ಮಷಿನ್ ರಾತ್ರಿ ಎದ್ದರೂ ಪಾಲು ತಪ್ಪುವುದಿಲ್ಲ. ಸುರಂಗವೂ ಬೇಡ. ಕೆಟ್ಟದ್ದು ಹೋದರೆ ಎಲ್ಲಾ ಕಡೆಗೂ ಹೋಗುತ್ತದೆ ಅನ್ನುವುದೇ ಭಯ.

ಆ ಭಯ ಕಳಿಸುವ ದಾರಿಯಲ್ಲೂ ಇದೆ. ಕೆಆರ್‌ಎಸ್‌ನಿಂದ ನೀರು ಬಿಟ್ಟ ದಿನ ವಿ.ಸಿ. ನಾಲೆಯ ಎಲ್ಲಾ ತೂಬುಗಳನ್ನೂ ಒಂದೇ ಸಲ ಪೂರ್ತಿ ಎತ್ತುವವರುಂಟಾ? ನಾನು ಮೊದಲು ಕುವೆಂಪುನಗರದ ಮಷಿನ್‌ಗೆ ಕಳಿಸುತ್ತೇನೆ, ಅದು ಕಾಲ್ನಡಿಗೆಯ ದೂರ. ಒಂದು ದಿನ ಬಿಟ್ಟು ಮೈಸೂರಿನ ಉಳಿದವು, ಶ್ರೀರಂಗಪಟ್ಟಣ. ಆಮೇಲೆ ಮಂಡ್ಯ, ಮದ್ದೂರು, ಪಾಂಡವಪುರ. ಮಳವಳ್ಳಿ ಕೊನೆಗೆ. ನಾಲೆಯ ಕೊನೆ ಭಾಗದವರಿಗೆ ನೀರು ತಡ ಅನ್ನುವ ದೂರು ಇಲ್ಲಿಯೂ ಇದೆ. ಆದರೆ ಇಲ್ಲಿ ತಡವಾಗಿ ಬಂದದ್ದೇ ತಿಳಿನೀರು.

ಹಿಂದಕ್ಕೆ ಹೋಗದ್ದು

ಹಿಂದಿನ ಜನರೇಷನ್‌ಗೆ ಹೋಗಬಹುದು ಅಂದೆನಲ್ಲ, ಅದರಲ್ಲಿ ಒಂದು ದೊಡ್ಡ ಷರತ್ತಿದೆ. ಹಿಂದಕ್ಕೆ ಹೋಗುವುದು ಪ್ರೋಗ್ರಾಮ್ ಮತ್ತು ಸೆಟ್ಟಿಂಗ್ ಮಾತ್ರ. ಡೇಟಾ ಅಲ್ಲ. ಹಾಜರಿ ಪ್ರೋಗ್ರಾಮ್‌ನ ಹೊಸ ಆವೃತ್ತಿ ಡೇಟಾಬೇಸ್‌ನ ಟೇಬಲ್‌ಗಳ ರೂಪ ಬದಲಿಸಿದೆ ಅಂದುಕೊಳ್ಳಿ. ನೀವು ಹಳೆಯ ಆವೃತ್ತಿಗೆ ವಾಪಸ್ ಹೋದರೆ ಟೇಬಲ್‌ಗಳು ಹೊಸ ರೂಪದಲ್ಲೇ ಇರುತ್ತವೆ. ಹಳೆಯ ಪ್ರೋಗ್ರಾಮ್‌ಗೆ ಅದು ಓದಲು ಬರುವುದಿಲ್ಲ. ಎಲೆ ಬದಲಿಸಬಹುದು, ತಿಂದದ್ದನ್ನು ವಾಪಸ್ ತರುವುದಕ್ಕಾಗುತ್ತಾ? ಬ್ಯಾಕಪ್ ಬೇಕೇ ಬೇಕು, ಕಳಿಸುವ ಮೊದಲೇ ಬೇಕು.

ಇದೇ ಕಾರಣಕ್ಕೆ ನಿಕ್ಸ್‌ಓಎಸ್‌ನ ಸೆಟ್ಟಿಂಗ್‌ನಲ್ಲಿ ಸ್ಟೇಟ್‌ವರ್ಷನ್ ಅನ್ನುವ ಒಂದು ಸಾಲಿದೆ. ಹೊಸಬರೆಲ್ಲ ಎಡವುವುದು ಇಲ್ಲೇ. ನಿಕ್ಸ್‌ಓಎಸ್ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ ಹೊಸ ಆವೃತ್ತಿ ಬಿಡುತ್ತದೆ. ಅಪ್‌ಗ್ರೇಡ್ ಮಾಡುವಾಗ ಈ ಸಾಲಿನ ಸಂಖ್ಯೆಯನ್ನೂ ಬದಲಿಸಬೇಕು ಅಂತ ಅನಿಸುತ್ತದೆ. ಬದಲಿಸಬಾರದು. ಈ ಮಷಿನ್‌ನ ಡೇಟಾ ಮೊದಲು ಯಾವ ಕಾಲದ ಪದ್ಧತಿಯಲ್ಲಿ ಹುಟ್ಟಿತು ಅನ್ನುವ ಗುರುತು ಅದು, ಹುಟ್ಟಿದ ತಾರೀಖಿನ ಹಾಗೆ. ನೀವು ಬೇರೆ ಹೇಳದಿದ್ದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಪ್ರೋಗ್ರಾಮ್‌ನ ಯಾವ ಆವೃತ್ತಿ ಓಡಬೇಕು ಅನ್ನುವುದು ಇದನ್ನು ನೋಡಿಯೇ ತೀರ್ಮಾನವಾಗುತ್ತದೆ. ಸಂಖ್ಯೆ ಏರಿಸಿದರೆ ಹೊಸ ಪೋಸ್ಟ್‌ಗ್ರೆಸ್ ತನ್ನ ಹೊಸ ಫೋಲ್ಡರ್‌ನಲ್ಲಿ ಖಾಲಿಯಾಗಿ ಶುರುವಾಗಬಹುದು. ಡೇಟಾ ಹೋಗಿರುವುದಿಲ್ಲ, ಹಳೆಯ ಫೋಲ್ಡರ್‌ನಲ್ಲಿ ಇರುತ್ತದೆ. ಆದರೆ ಅದು ಗೊತ್ತಾಗುವವರೆಗೆ ಎದೆ ಬಡಿತ ಹೇಳತೀರದು.

ಪಾಸ್‌ವರ್ಡ್‌ಗಳದ್ದು ಇನ್ನೊಂದು ಕಥೆ. ಸ್ಟೋರ್‌ನಲ್ಲಿರುವುದನ್ನು ಆ ಮಷಿನ್‌ನ ಯಾವ ಬಳಕೆದಾರನಾದರೂ ಓದಬಹುದು. ಸೆಟ್ಟಿಂಗ್ ಫೈಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಬರೆದರೆ ಅದು ಸ್ಟೋರ್‌ಗೆ ಹೋಗಿ ಕೂರುತ್ತದೆ, ಗಿಟ್‌ನಲ್ಲೂ ಉಳಿಯುತ್ತದೆ. ಏಜ್‌ನಿಕ್ಸ್, ಸಾಪ್ಸ್-ನಿಕ್ಸ್ ಇರುವುದು ಇದಕ್ಕೇ. ಗುಟ್ಟನ್ನು ಬೀಗ ಹಾಕಿದ ರೂಪದಲ್ಲೇ ಸಾಗಿಸಿ, ಆಯಾ ಮಷಿನ್ ಚಾಲೂ ಆಗುವಾಗ ತನ್ನದೇ ಕೀಯಿಂದ ಬಿಚ್ಚಿಕೊಳ್ಳುವಂತೆ ಮಾಡುತ್ತವೆ. ಮದ್ದೂರಿನ ಗುಟ್ಟು ಮದ್ದೂರಿಗೆ ಮಾತ್ರ ಬಿಚ್ಚುತ್ತದೆ.

ಇನ್ನು ಜಾಗ. ಹಳೆಯ ಎಲೆಗಳನ್ನು ಎತ್ತದೇ ಇದ್ದರೆ ಪಂಕ್ತಿಯಲ್ಲಿ ಜಾಗ ಎಲ್ಲಿಂದ ಬರಬೇಕು? ಬೇಡವಾದ ಜನರೇಷನ್‌ಗಳನ್ನು ತೆಗೆಯುವ ಕೆಲಸವನ್ನು ವಾರಕ್ಕೊಮ್ಮೆ ತಾನಾಗಿ ನಡೆಯುವಂತೆ ಇಟ್ಟಿದ್ದೇನೆ, 30 ದಿನಕ್ಕಿಂತ ಹಳೆಯವು ಹೋಗುತ್ತವೆ. ಡಿಸ್ಕ್‌ಗಿಂತ ಮೊದಲು ತುಂಬುವುದು ಬೂಟ್ ಪಾರ್ಟಿಷನ್, ಅಂದರೆ ಮಷಿನ್ ಶುರುವಾಗಲು ಬೇಕಾದ ಫೈಲುಗಳಿಗೆ ಮೀಸಲಾದ ಡಿಸ್ಕ್‌ನ ತುಂಡು. ಮಂಡ್ಯದ ಒಂದು ಮಷಿನ್ ಮೊದಲು ವಿಂಡೋಸ್‌ನದ್ದಾಗಿತ್ತು, ಬೂಟ್ ಜಾಗ 100 ಎಂಬಿ ಅಷ್ಟೇ. ಕರ್ನಲ್‌ಗಳು ಅದರಲ್ಲಿ ಬಂದು ಕೂರುವುದರಿಂದ ಬೇಗನೇ ತುಂಬಿ, ಕಳಿಸಿದ್ದು ಕೊನೆಯ ಹೆಜ್ಜೆಯಲ್ಲಿ ನಿಂತಿತು. ಮೆನುವಿನಲ್ಲಿ ಎಷ್ಟು ಜನರೇಷನ್ ಇರಬೇಕು ಅನ್ನುವುದಕ್ಕೆ ಮಿತಿ ಹಾಕಿದೆ. ಹೊಸ ಮಷಿನ್ ಆದರೆ ಮೊದಲೇ 1 ಜಿಬಿ ಕೊಟ್ಟುಬಿಡಿ. ಅಂದ ಹಾಗೆ, ಕರ್ನಲ್ ಬದಲಾಗಿದ್ದರೆ ಸ್ವಿಚ್ ಮಾಡಿದ ಮಾತ್ರಕ್ಕೆ ಹೊಸದು ಓಡುವುದಿಲ್ಲ, ರೀಬೂಟ್ ಆಗಬೇಕು. ನಾನು ಅದನ್ನು ಭಾನುವಾರ ಮಧ್ಯಾಹ್ನ, ಪಾಠ ಇಲ್ಲದ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ.

ಎಲ್ಲರಿಗೂ ಇದು ಬೇಕಾ ಅಂದರೆ, ಬೇಡ. ಎರಡು ಮಷಿನ್ ಇರುವವರು ಡೆಬಿಯನ್‌ನಂಥ ಸಾಮಾನ್ಯ ಲಿನಕ್ಸ್ ಹಾಕಿಕೊಂಡು ಆರಾಮಾಗಿರಿ. ನಿಕ್ಸ್‌ಗೆ ತನ್ನದೇ ಭಾಷೆ ಇದೆ, ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ತಪ್ಪಾದಾಗ ಅದು ಕೊಡುವ ಸಂದೇಶ ಕೆಲವು ಸಲ ಒಗಟಿನ ಹಾಗಿರುತ್ತದೆ. ಸಾಮಾನ್ಯ ಲಿನಕ್ಸ್‌ಗೆಂದು ತಯಾರಾಗಿ ಬಂದ ಪ್ರೋಗ್ರಾಮ್‌ಗಳು ಇಲ್ಲಿ ನೇರವಾಗಿ ಓಡುವುದಿಲ್ಲ, ಯಾಕೆಂದರೆ ಅವು ಹುಡುಕುವ ಲೈಬ್ರರಿಗಳು ಆ ಜಾಗದಲ್ಲಿ ಇರುವುದೇ ಇಲ್ಲ. ಹೆಬ್ಬೆಟ್ಟಿನ ಹಾಜರಿ ಯಂತ್ರದ ಜೊತೆ ಬಂದ ಡ್ರೈವರ್ ನನ್ನ ಕೈಯಲ್ಲಿ ಕೊನೆಗೂ ಓಡಲಿಲ್ಲ. ಆ ಒಂದು ಯಂತ್ರಕ್ಕೆ ಬೇರೆ ಹಳೆಯ ಕಂಪ್ಯೂಟರ್ ಇಟ್ಟು, ಅದನ್ನು ಈ 12ರ ಲೆಕ್ಕದಿಂದ ಹೊರಗೆ ಬಿಟ್ಟಿದ್ದೇನೆ.

ಹೋದ ತಿಂಗಳು ಸುರಂಗದ ವಿಳಾಸ ಇನ್ನೊಂದು ಸಲ ಬದಲಾಯಿತು. ಕುವೆಂಪುನಗರದಿಂದ ಶುರು ಮಾಡಿ ಸರದಿಯಲ್ಲಿ ಕಳಿಸಿದೆ. ಪಾಂಡವಪುರದ್ದು ಒಂದು ಸಲ ಹೋಗಿ, 30 ಸೆಕೆಂಡ್ ಕಾದು, ತಾನೇ ಹಳೆಯದಕ್ಕೆ ವಾಪಸ್ ಬಂತು. ನೋಡಿದರೆ ಅಲ್ಲೂ ಒಂದು ಅಂಕಿ ತಪ್ಪು. ತಿದ್ದಿ ಕಳಿಸಿದೆ, ನಿಂತಿತು. ಮೇಷ್ಟ್ರಿಗೆ ಗೊತ್ತೇ ಆಗಲಿಲ್ಲ. ಮಳವಳ್ಳಿಗೆ ಹೊತ್ತುಕೊಂಡು ಹೋಗಿದ್ದ ಮಾನಿಟರ್ ಮಾತ್ರ ಈಗಲೂ ಆ ಡಬ್ಬದ ಪಕ್ಕದಲ್ಲೇ ಇದೆ. ವಾಪಸ್ ತರೋಣ ಅಂತ ಇನ್ನೂ ಅನಿಸಿಲ್ಲ.